ಸೋಲುವವರಿಗಾಗಿ ಬಿಟ್ಟ ಗಡ್ಡ

ಉಗ್ಗಾಣಿಯನ್ನು ಬಿಸಿಯಿರುವಾಗಲೇ ತಿನ್ನಬೇಕು, ಜೊತೆಗಿನ ಮಿರ್ಚಿಯನ್ನು ಅದಕ್ಕಿಂತಲೂ ಬಿಸಿಯಿರುವಾಗ ಕಚ್ಚಬೇಕು ಎಂಬುದು ನಮ್ಮ ಆದೋನಿಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ತಿಳಿದ ಶಾಸ್ತ್ರ. ನೆನೆದು ಹಿಂಡಿಸಿಕೊಂಡ ಮಂಡಕ್ಕಿ, ಒಗ್ಗರಣೆಯ ಎಣ್ಣೆ, ಮೇಲೆ ಉದುರಿಸಿದ ಪುಟಾಣಿ ಹಿಟ್ಟು, ಈ ಮೂರೂ ಹತ್ತು ನಿಮಿಷದ ಮಟ್ಟಿಗೆ ಒಂದೇ ಮನೆಯವರಂತೆ ಇರುತ್ತವೆ, ಆಮೇಲೆ ಪಾಲಾಗಿಬಿಡುತ್ತವೆ. ಇಷ್ಟೆಲ್ಲ ಬಲ್ಲ ನಾನು ವಾರಕ್ಕೆ ಮೂರು ದಿನವಾದರೂ ತಣ್ಣಗಾದ ಉಗ್ಗಾಣಿಯನ್ನೇ ತಿಂದಿದ್ದೇನೆ. ಕಾರಣ, ತಟ್ಟೆಯ ಮುಂದೆ ನೀರಿನ ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ, ಭೂಮಿಯ ಆ ಬದಿಯ ಯಾವುದೋ ಚಳಿನಾಡಿನಲ್ಲಿ, ಹನ್ನೆರಡು ಜನ ದಾಂಡಿಗರು ಬರ್ಫಿನ ಮೇಲೆ ಜಾರಾಡುತ್ತಿರುತ್ತಾರೆ. ಅವರ ಸಂಜೆ ನಮ್ಮ ಬೆಳಗು. ಆ ಹನ್ನೆರಡರಲ್ಲಿ ಆರು ಮಂದಿ ನಮ್ಮವರು. ನಮ್ಮವರು ಸೋಲುತ್ತಿರುತ್ತಾರೆ.

ಗೆಳೆಯರೇ, ನಗಬೇಡಿ ಎನ್ನುವುದಿಲ್ಲ. ನಕ್ಕುಬಿಡಿ, ನಾನು ಕಾಯುತ್ತೇನೆ. ಬೇಸಿಗೆಯಲ್ಲಿ ಚಪ್ಪಲಿ ಡಾಂಬರಿಗೆ ಅಂಟಿಕೊಳ್ಳುವ ಊರಿನಲ್ಲಿ, ಅರವತ್ತು ದಾಟಿದ ಮನುಷ್ಯ, ಜೀವಮಾನದಲ್ಲಿ ಸ್ವೆಟರ್ ಹಾಕದವನು, ಐಸ್ ಹಾಕಿಯ ಒಂದು ತಂಡವನ್ನು ತನ್ನದೆಂದುಕೊಂಡು ಕೂತಿದ್ದಾನೆ ಎಂದರೆ ನನಗೂ ನಗು ಬರುತ್ತದೆ. ತಂಡದ ಹೆಸರನ್ನು ಮಾತ್ರ ಕೇಳಬೇಡಿ. ಮನೆಯ ಮಾನವನ್ನು ಬೀದಿಗೆ ಹಾಕಬಾರದು ಎಂದು ನಮ್ಮಪ್ಪ ಹೇಳುತ್ತಿದ್ದ. ಮಾನ ಉಳಿಸಿಕೊಳ್ಳುವ ಕೆಲಸವನ್ನು ಆ ತಂಡದವರಂತೂ ಮಾಡುತ್ತಿಲ್ಲ, ನಾನಾದರೂ ಮಾಡುತ್ತೇನೆ.

ಬರ್ಫಿಗೂ ನನಗೂ ಹಳೆಯ ನಂಟು. ಊರ ಹೊರಗಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಮಶೀನು ನೋಡಿಕೊಂಡಿದ್ದವನು ನಾನು. ಊರವರ ಬಾಯಲ್ಲಿ ಬರ್ಫ್ ಹನುಮಂತಪ್ಪ. ಉಪ್ಪುನೀರಿನ ತೊಟ್ಟಿಯಲ್ಲಿ ತಗಡಿನ ಡಬ್ಬಿಗಳನ್ನು ಇಳಿಬಿಟ್ಟು, ಗಡ್ಡೆ ಕಟ್ಟಿದ ಮೇಲೆ ಎತ್ತಿ, ಹೊಟ್ಟು ಮೆತ್ತಿ, ಗೋಣಿ ಹೊದಿಸಿ, ಕಬ್ಬಿನ ಹಾಲಿನವರಿಗೆ, ಸೋಡಾ ಅಂಗಡಿಗೆ, ಮದುವೆಯ ಮನೆಗೆ ಮತ್ತು ದೂರದ ನೆಂಟರಿಗಾಗಿ ಕಾಯುತ್ತಿರುವ ಸಾವಿನ ಮನೆಗೆ ಒಂದೇ ಗಾಡಿಯಲ್ಲಿ ಕಳಿಸಿದ್ದೇನೆ. ಆಮೇಲೆ ಮನೆಮನೆಗೂ ಫ್ರಿಜ್ಜು ಬಂತು, ಫ್ಯಾಕ್ಟರಿಗೆ ಬೀಗ ಬಿತ್ತು, ಈಗ ಅದರಲ್ಲಿ ಯಾರದೋ ಹತ್ತಿಯ ಬೇಲುಗಳು ಮಲಗಿವೆ. ಬೇಲುಗಳ ಜೊತೆಗೆ ನಾನೂ ಮಲಗಿದೆ, ನನ್ನ ಮನೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ. ಹೆಂಡತಿ ಉರುಕುಂದಮ್ಮ ಊಟಕ್ಕೆ ಕರೆದರೂ ತಿರುಗುತ್ತಿರಲಿಲ್ಲ.

ಹೀಗೆ ಮಲಗಿದ್ದಾಗ ಒಂದು ಬೆಳಿಗ್ಗೆ ಫೋನಿನ ಮೇಲೆ ಬೆರಳು ಜಾರಿ ಒಂದು ದೃಶ್ಯ ಬಂತು. ಬಯಲಿನಷ್ಟು ಅಗಲದ ಬರ್ಫಿನ ನೆಲ. ಅದರ ಮೇಲೆ ಒಂದು ಗಾಡಿ ಮೆಲ್ಲಗೆ ಸುತ್ತು ಹಾಕುತ್ತ, ಗೀರುಗಳನ್ನು ಕೆರೆದು, ಬಿಸಿನೀರು ಬಿಡುತ್ತ ಹೋಗುತ್ತಿದೆ. ಅದು ಹೋದ ಹಿಂದೆಯೇ ನೆಲ ಕನ್ನಡಿಯಾಗುತ್ತಿದೆ. ಬಿಸಿನೀರು! ಮೂವತ್ತೊಂದು ವರ್ಷ ಬರ್ಫನ್ನು ಬಿಸಿಯಿಂದ ಕಾಪಾಡಿದ ನಾನು ಎದ್ದು ಕೂತೆ. ಗಾಡಿ ಆಚೆ ಹೋದ ಮೇಲೆ ಆಟಗಾರರು ಬಂದರು, ನನ್ನ ಕಣ್ಣೆದುರೇ ಆ ಕನ್ನಡಿಯನ್ನು ಹಾಳು ಮಾಡಿದರು. ಕಪ್ಪು ರಬ್ಬರಿನ ಒಂದು ಬಿಲ್ಲೆಗಾಗಿ ಅಷ್ಟು ದೊಡ್ಡ ಗಂಡಸರು ಒಬ್ಬರನ್ನೊಬ್ಬರು ಗೋಡೆಗೆ ಒತ್ತುತ್ತಿದ್ದರು. ಒಂದು ತಂಡ ಏಳು ಗೋಲು ಹೊಡೆಯಿತು, ಇನ್ನೊಂದು ಒಂದೂ ಹೊಡೆಯಲಿಲ್ಲ. ಹೊಡೆಯದವರ ಮುಖ ನೋಡಿದೆ. ಕೆಲಸ ಹೋದವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅವತ್ತಿನಿಂದ ಅವರು ನಮ್ಮವರಾದರು.

ಕರುಣೆಯಿಂದ ಕಟ್ಟಿಕೊಂಡ ನಂಟು ಬೇಗ ಕೋಪಕ್ಕೆ ತಿರುಗುತ್ತದೆ ಎಂಬುದು ಎರಡೇ ವಾರದಲ್ಲಿ ತಿಳಿಯಿತು. ನಮ್ಮ ಗೋಲು ಕಾಯುವ ಪುಣ್ಯಾತ್ಮನನ್ನೇ ನೋಡಿ. ಎರಡು ಕಾಲಿಗೂ ಹಾಸಿಗೆ ಕಟ್ಟಿಕೊಂಡು, ಎದೆಗೆ ದಿಂಬು ಕಟ್ಟಿಕೊಂಡು, ಮುಖಕ್ಕೆ ಪಂಜರ ಹಾಕಿಕೊಂಡು ಬಂದು ನಿಂತರೆ, ಹಿಂದಿರುವ ಬಲೆಯೇ ಕಾಣುವುದಿಲ್ಲ. ಬಿಲ್ಲೆಗೆ ಮಾತ್ರ ಕಾಣುತ್ತದೆ. ಸುಮ್ಮನೆ ಅಲುಗಾಡದೆ ನಿಂತಿದ್ದರೂ ನಾಲ್ಕು ತಡೆಯಬಹುದಾದ ಮನುಷ್ಯ, ಅತ್ತಿತ್ತ ಜಿಗಿದು, ಬಿದ್ದು, ಹೊರಳಿ, ತನ್ನೆರಡು ಕಾಲಿನ ನಡುವಿನ ಸಂದಿಯನ್ನು ಅದಕ್ಕೆಂದೇ ತೆರೆದಿಟ್ಟು, ಬಿಲ್ಲೆಯನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ. ಆಮೇಲೆ ನೀರಿನ ಬಾಟಲಿ ಎತ್ತಿ ಮುಖಕ್ಕೆ ಚಿಮುಕಿಸಿಕೊಳ್ಳುತ್ತಾನೆ. ಏನು ದಣಿವಪ್ಪ, ಪಾಪ!

ಈ ಆಟದಲ್ಲಿ ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ತಪ್ಪು ಎದುರಾಳಿಯದಾದರೆ ಅಷ್ಟು ಹೊತ್ತು ಅವರಲ್ಲಿ ಒಬ್ಬ ಕಡಿಮೆ. ಬೇರೆ ತಂಡಗಳಿಗೆ ಅದು ಸುಗ್ಗಿಯ ಕಾಲ. ನಮ್ಮವರೋ, ಗೋಲು ಕಾಯುವವರನ್ನು ಬಿಟ್ಟು ಐವರು ನಾಲ್ವರ ಮೇಲೆ ಬಿದ್ದಾಗಲೇ ಹೆಚ್ಚು ಗಾಬರಿಯಾಗುತ್ತಾರೆ. ನೀ ಹೊಡಿ, ಇಲ್ಲ ನೀ ಹೊಡಿ ಎಂದು ಬಿಲ್ಲೆಯನ್ನು ಒಬ್ಬರಿಗೊಬ್ಬರು ದಾಟಿಸುತ್ತ, ಬೀಗರ ಮನೆಯಲ್ಲಿ ಕೊನೆಯ ಹೋಳಿಗೆಗೆ ಉಪಚಾರ ಮಾಡಿದ ಹಾಗೆ ಮಾಡುತ್ತ, ಕಡೆಗೆ ಅದನ್ನು ಎದುರಾಳಿಯ ಕೈಗೇ ಕೊಟ್ಟುಬಿಡುತ್ತಾರೆ. ಆ ನಾಲ್ವರು ಬಂದು ನಮಗೇ ಗೋಲು ಹೊಡೆದು ಹೋಗುತ್ತಾರೆ. ಜಗಳದಲ್ಲಿ ಮಾತ್ರ ನಮ್ಮವರದ್ದು ಮೇಲುಗೈ. ನಮ್ಮ ಕಡೆ ಜಗಳಕ್ಕೆ ಮುಂಚೆ ಚಪ್ಪಲಿ ಕಳಚುವಂತೆ ಅಲ್ಲಿ ಕೈಗವಸು ಕಳಚಿ ಬಿಸಾಡುತ್ತಾರೆ. ತೀರ್ಪುಗಾರರು ಸುತ್ತ ನಿಂತು, ಒಬ್ಬ ಬೀಳುವ ತನಕ ಕಾದು, ಆಮೇಲೆ ಬಿಡಿಸುತ್ತಾರೆ. ಏಳು ಗೋಲು ತಿಂದವರು ಒಬ್ಬನ ಹಲ್ಲು ಮುರಿದು ಎದೆಯುಬ್ಬಿಸಿಕೊಂಡು ಬರುವುದನ್ನು ನೋಡಿದಾಗ ನಮ್ಮವರನ್ನು ಯಾವ ಭಾಷೆಯಲ್ಲಿ ಬೈಯಬೇಕೆಂದು ತಿಳಿಯದೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದೆ.

ಇನ್ನು ತಂಡದ ಯಜಮಾನರು. ವರ್ಷವರ್ಷವೂ ಸೋಲಿನ ಕೊನೆಗೆ ಕೋಟು ಹಾಕಿಕೊಂಡು ಬಂದು, ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ತಾಳ್ಮೆಯಿರಲಿ ಎನ್ನುತ್ತಾರೆ. ಬುನಾದಿಯೇ ಕಾಣದ ಕಟ್ಟಡಕ್ಕೆ ಪ್ರತಿ ವರ್ಷ ಹೊಸ ಮೇಸ್ತ್ರಿ. ಹಳೆಯ ತರಬೇತುದಾರನನ್ನು ಓಡಿಸಿ, ಬೇರೊಂದು ತಂಡ ಓಡಿಸಿದವನನ್ನು ಹಾರ ಹಾಕಿ ಕರೆತರುತ್ತಾರೆ. ಇದಕ್ಕಿಂತ ಸೋಜಿಗವೆಂದರೆ ಅಲ್ಲಿನ ನ್ಯಾಯ: ತೀರ ಹಿಂದೆ ಬಿದ್ದ ತಂಡಕ್ಕೆ ಮರುವರ್ಷ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ ಮುಂಚೆ ಬರುತ್ತದೆ. ನಪಾಸಾದವನಿಗೇ ಮೊದಲ ಲಾಡು! ಹೀಗೆ ಬಂದ ಚಿನ್ನದಂಥ ಆಟಗಾರ ಮೊದಲ ತಿಂಗಳು ಮಿಂಚುತ್ತಾನೆ, ಎರಡನೆಯ ತಿಂಗಳು ಸುತ್ತ ನೋಡುತ್ತಾನೆ, ಮೂರನೆಯ ತಿಂಗಳಿಗೆ ನಮ್ಮವರ ಹಾಗೆ ಸೋಲುವುದನ್ನು ಕಲಿತಿರುತ್ತಾನೆ. ಒಂದು ಪಂದ್ಯದಲ್ಲಿ ನೋಡುಗರಲ್ಲಿ ಕೆಲವರು ತಲೆಗೆ ಕಾಗದದ ಚೀಲ ಹಾಕಿಕೊಂಡು, ಕಣ್ಣಿಗೆ ಎರಡು ತೂತು ಕೊರೆದುಕೊಂಡು ಕೂತಿದ್ದರು. ಪಾಪ, ಚಳಿಗೆ ಇರಬೇಕು ಎಂದುಕೊಂಡಿದ್ದೆ. ನಾಚಿಕೆಗೆ ಎಂದು ಆಮೇಲೆ ಗೊತ್ತಾಯಿತು.

ಇಲ್ಲಿಯ ತನಕ ಅವರ ಮೂರ್ಖತನ ಹೇಳಿದೆ. ಇನ್ನು ನನ್ನದು.

ಮೊದಲ ವರ್ಷ ನಮ್ಮವರು ಎಂದಿನಂತೆ ಮನೆಗೆ ಹೋದ ಮೇಲೆ, ಗೆದ್ದ ತಂಡಗಳಷ್ಟೇ ಆಡುವ ಕೊನೆಯ ಸುತ್ತುಗಳು ನಡೆದವು. ನೋಡುತ್ತೇನೆ, ಅಷ್ಟೂ ಆಟಗಾರರು ಗಡ್ಡ ಬಿಟ್ಟಿದ್ದಾರೆ! ಮೀಸೆ ಮೂಡದ ಹುಡುಗರು ಕೂಡ ಕೈಲಾದಷ್ಟು ಬಿಟ್ಟಿದ್ದಾರೆ. ನನಗೆ ಮೈ ಜುಮ್ಮೆಂದಿತು. ಹರಕೆ ಹೊತ್ತವನು ಕೆಲಸ ಆಗುವವರೆಗೆ ಕತ್ತಿ ಸೋಕಿಸದೆ, ಆದ ಮೇಲೆ ಉರುಕುಂದಕ್ಕೆ ಹೋಗಿ ಈರಣ್ಣಸ್ವಾಮಿಗೆ ಮುಡಿ ಒಪ್ಪಿಸುವುದು ನಮ್ಮ ಸೀಮೆಯ ಪದ್ಧತಿ. ಆದೋನಿಯಿಂದ ರಾಯಚೂರಿನವರೆಗೆ ಯಾವ ಊರಿನಲ್ಲಿ ಉದ್ದ ಗಡ್ಡ ಕಂಡರೂ ನಾವು ಕೇಳುವ ಮೊದಲ ಮಾತು ಏನು ಹರಕೆ ಎಂದೇ. ಅಲ್ಲಿಯವರೂ ಅವರ ಯಾವುದೋ ಈರಣ್ಣನಿಗೆ ಹೊತ್ತಿದ್ದಾರೆ, ಅದಕ್ಕೇ ಗೆಲ್ಲುತ್ತಿದ್ದಾರೆ. ನಮ್ಮ ಗೋಲು ಕಾಯುವವನ ನುಣ್ಣನೆಯ ಗಲ್ಲವೇ ನಮ್ಮ ಸೋಲಿಗೆ ಕಾರಣ ಎಂದು ನನಗೆ ಖಾತ್ರಿಯಾಯಿತು. ಅವರಿಗೆ ಬುದ್ಧಿಯಿಲ್ಲದಿದ್ದರೆ ಅವರ ಪರವಾಗಿ ನಾನು ಹೊರಬೇಕು. ಮುಂದಿನ ಅಮಾವಾಸ್ಯೆಗೆ ಸ್ನಾನ ಮಾಡಿ, ದೇವರ ಗೂಡಿನ ಮುಂದೆ ಕೂತು, ನಮ್ಮವರು ಕೊನೆಯ ಸುತ್ತು ಮುಟ್ಟುವ ತನಕ ಗಡ್ಡಕ್ಕೆ ಕತ್ತಿ ಸೋಕಿಸುವುದಿಲ್ಲ, ಮುಟ್ಟಿದ ದಿನ ನಿನಗೇ ತಂದು ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಆಟಗಾರರದ್ದು ಹರಕೆಯಲ್ಲ, ಕೊನೆಯ ಸುತ್ತು ಮುಟ್ಟಿದ ಮೇಲೆ ಬಿಡುವ ಶೋಕಿ, ಸೋತ ದಿನ ತಮ್ಮ ಬಚ್ಚಲಿನಲ್ಲೇ ಬೋಳಿಸಿಕೊಳ್ಳುತ್ತಾರೆ ಎಂದು ತಿಳಿಯುವ ಹೊತ್ತಿಗೆ ನನ್ನ ಗಡ್ಡ ಎದೆಗಿಳಿದಿತ್ತು. ಅವರು ಮಾಡುವುದನ್ನು ನಾನು ಹಿಂದುಮುಂದಾಗಿ ತಿಳಿದಿದ್ದೆ. ಆದರೆ ಈರಣ್ಣನಿಗೆ ಕೊಟ್ಟ ಮಾತು ಮಾತೇ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲವೆನ್ನುತ್ತಾರಲ್ಲ, ಹಾಗಾಗಿ ಉರುಕುಂದಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಕೇಳಿದ ದಿನ ಅವಳು ಹಣೆ ಚಚ್ಚಿಕೊಂಡಿದ್ದಳು.

"ಮನಿ ಮಂದಿಗೆ ಹೊರೋ ಹರಕಿ ಎಲ್ಲಾ ಮುಗುದಾವೇನ್ರಿ? ಆ ಬರ್ಫಿನ ಮ್ಯಾಲೆ ಜಾರೋರಿಗೆ ಹೊತ್ತೀರಲ್ಲ!"

ಅವಳ ಮಾತನ್ನು ಆಗ ಗಾಳಿಗೆ ಬಿಟ್ಟೆ. ನಮ್ಮವರು ಅಂದು ಕಡೆಯ ನಿಮಿಷದಲ್ಲಿ ಸೋತಿದ್ದರು, ನನ್ನ ಮನಸ್ಸು ಅಲ್ಲಿತ್ತು. ಊರಿನಲ್ಲಿ ಗಡ್ಡಕ್ಕೆ ಮರ್ಯಾದೆ ಬಂತು. ಕೌತಾಳಂ ಬಸ್ಸಿನಲ್ಲಿ ಹೆಂಗಸರು ಎದ್ದು ಸೀಟು ಕೊಟ್ಟರು, ಪೇಟೆಯಲ್ಲಿ ಒಬ್ಬ ಕಾಲಿಗೆ ಬಿದ್ದು ಹಣೆಗಿಡಲು ಅಂಗಾರ ಕೇಳಿದ. ಇಂಥ ಭಕ್ತಿಯನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ತಲೆಯ ಮೇಲೆ ಕೈಯಿಟ್ಟು ಒಳ್ಳೇದಾಗಲಿ ಎಂದೆ.

ನಮಗೆ ಒಬ್ಬಳೇ ಮಗಳು, ಸುಜಾತ. ಎಮ್ಮಿಗನೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ನನ್ನ ಪಂದ್ಯ ಕಾವೇರುವ ಹೊತ್ತಿಗೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋಗುವವಳು. ಮೂವತ್ತು ದಾಟಿದ್ದಳು. ನೋಡಲು ಬಂದವರು ಬಣ್ಣ ಎಂದರು, ವಯಸ್ಸು ಎಂದರು, ಒಬ್ಬರು ಏನೂ ಅನ್ನದೆ ಉಗ್ಗಾಣಿ ತಿಂದು ಹೋದರು. ಒಂದು ಬೆಳಿಗ್ಗೆ, ಮಾತುಕತೆಯ ತನಕ ಬಂದಿದ್ದ ಸಂಬಂಧವೊಂದು ಬೇಡವೆಂದು ಫೋನು ಬಂದಾಗ, ನಾನು ಗೋಲು ಕಾಯುವವನ ವಂಶವನ್ನು ಜಾಲಾಡುತ್ತಿದ್ದೆ. ಫೋನು ಬಂದದ್ದರಿಂದ ಆಟ ನಿಂತಿತಲ್ಲ ಎಂದು ಸಿಡುಕಿದ್ದೂ ನೆನಪಿದೆ. ಸುಜಾತ ಎದುರಿಗೇ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು.

ಈ ವರ್ಷ ಗೋನೆಗಂಡ್ಲದ ಸಂಬಂಧ ಕೂಡಿ ಬಂತು. ಹುಡುಗ ಮೆಡಿಕಲ್ ಅಂಗಡಿಯವನು, ಒಳ್ಳೆಯವನು. ಯುಗಾದಿ ಆದ ಮೇಲೆ ಮದುವೆ ಎಂದು ಗೊತ್ತಾಯಿತು. ವೀಳ್ಯದ ದಿನ ಹುಡುಗನ ತಾಯಿ ನನ್ನ ಗಡ್ಡವನ್ನೇ ನೋಡಿ ಕೈ ಮುಗಿದರು.

"ಮಗಳ ಲಗ್ನಕ್ಕಂತ ಹರಕಿ ಹೊತ್ತಾರ ನಮ್ಮ ಬೀಗರು. ಇಂಥಾ ತಂದಿ ಎಲ್ಲಿ ಸಿಗ್ತಾರ?"

ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದುಕೊಂಡರು. ಅವರೆಲ್ಲ ಹೋದ ಮೇಲೆ ಸುಜಾತ ನನ್ನ ಪಕ್ಕಕ್ಕೆ ಬಂದು ಕೂತಳು. ಬಹಳ ದಿನಗಳ ಮೇಲೆ ಹಾಗೆ ಕೂತಿದ್ದಳು.

"ಅಪ್ಪ, ಇನ್ನ ಸಾಕು. ಉರುಕುಂದಕ್ಕ ಹೋಗಿ ಕೊಟ್ಟು ಬರೋಣ. ನೀ ಯಾರಿಗೂ ಹೇಳದಿದ್ರೂ ನನಗ ಗೊತ್ತೈತಿ, ಯಾರ ಸಲುವಾಗಿ ಅಂತ. ಆ ಗಡ್ಡ ನೋಡಿದಾಗೆಲ್ಲಾ ನನಗ ಧೈರ್ಯ ಬರ್ತಿತ್ತು."

ಗೆಳೆಯರೇ, ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಳಗೆ ಹೋಗಿ ಉರುಕುಂದಮ್ಮನನ್ನು ಕೇಳಿದೆ, ಆಕಿ ಹಂಗ ತಿಳಕೊಂಡಾಳಂತ ನಿನಗ ಮೊದ್ಲ ಗೊತ್ತಿತ್ತಾ ಎಂದು. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಹೇಳಿದಳು: "ಗೊತ್ತಿತ್ರಿ. ಹಂಗ ತಿಳಕೊಂಡು ಆಕಿ ನಕ್ಕೋತ ಬಸ್ಸಿಗೆ ಹೋಗ್ತಿದ್ಲು. ನಾ ಯಾಕ ಕೆಡಸಲಿ?"

ನಮ್ಮವರಿಗೆ ಇನ್ನೂ ಕೆಲವು ಪಂದ್ಯ ಉಳಿದಿದ್ದವು. ಎಲ್ಲವನ್ನೂ ಗೆದ್ದರೆ, ಮೇಲಿನವರೆಲ್ಲ ಸೋತರೆ, ಕೊನೆಯ ಸುತ್ತಿನ ಬಾಗಿಲು ತೆರೆಯಬಹುದೆಂದು ಲೆಕ್ಕ ಹಾಕಿದೆ. ಒಮ್ಮೆ, ಒಂದೇ ಒಂದು ಬಾರಿ, ನನ್ನ ಮರ್ಯಾದೆ ಉಳಿಸಿ ಎಂದು ಫೋನಿಗೆ ಕೈ ಮುಗಿದೆ. ನಮ್ಮವರು ಮರುದಿನವೇ ಸೋತರು. ಗೋಲು ಕಾಯುವವನು ನೀರು ಚಿಮುಕಿಸಿಕೊಂಡ.

ಒಂದು ಗುರುವಾರ ಮೂವರೂ ಉರುಕುಂದಕ್ಕೆ ಹೋದೆವು. ಮುಡಿ ತೆಗೆಯುವ ಕಟ್ಟೆಯ ಮೇಲೆ ವಯಸ್ಸಾದ ಕ್ಷೌರಿಕನೊಬ್ಬ ನನ್ನನ್ನು ಕೂರಿಸಿ, ಗಡ್ಡಕ್ಕೆ ನೀರು ಹಚ್ಚಿ, ಕತ್ತಿಗೆ ಹೊಸ ಬ್ಲೇಡು ಹಾಕಿದ. "ಎವರಿ ಪೇರು ಮೀದಯ್ಯಾ?" ಎಂದು ತೆಲುಗಿನಲ್ಲಿ ಕೇಳಿದವನು, ನಾನು ಮಿಕಿಮಿಕಿ ನೋಡಿದ್ದಕ್ಕೆ ಕನ್ನಡಕ್ಕೆ ತಿರುಗಿದ.

"ಯಾರ ಹೆಸರಿಲೆ ಹೊತ್ತೀರಿ? ಅವರ ಹೆಸರು ಸ್ವಾಮಿಗೆ ಕೇಳೋಹಂಗ ಹೇಳ್ರಿ. ಆಮ್ಯಾಲೆ ಕತ್ತಿ ಇಡ್ತೀನಿ."

ಎದುರಿಗೆ ಸುಜಾತ ನಿಂತಿದ್ದಳು, ಸೆರಗು ತಲೆಯ ಮೇಲೆ ಹೊದ್ದು, ತನ್ನ ಹೆಸರು ಕೇಳಲು ಕಾಯುತ್ತ. ಸುಜಾತ ಎಂಬ ಮೂರಕ್ಷರ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಗುಡಿಯ ಕಡೆ ನೋಡಿದೆ. ಬೇರೆ ಎಲ್ಲಾದರೂ ಸುಳ್ಳು ಹೇಳಿಯೇನು, ಉರುಕುಂದದಲ್ಲಿ ಹೇಳಲಾರೆ. ಪರದೇಶದ ಒಂದು ಹಾಕಿ ಟೀಮಿಗೆ ಎಂದೆ.

"ಗೆದ್ರೇನ್ರಿ ಅವರು?"

"ಇಲ್ಲ."

"ಮತ್ತ ಕೆಲಸ ಆಗಲಾರದ ಯಾಕ ಕೊಡ್ತೀರಿ?" ಎಂದು ಕತ್ತಿಯನ್ನು ಕೆಳಗಿಟ್ಟ. ಅವನು ಕೇಳಿದ್ದು ನ್ಯಾಯವಾಗಿತ್ತು.

ಸುಜಾತಳ ಮುಖ ಮೊದಲು ಅರ್ಥವಾಗದವಳ ಮುಖವಾಯಿತು. ಆಮೇಲೆ ಅರ್ಥವಾಯಿತು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಕೂಗಾಡಿದ್ದರೆ ತಲೆ ತಗ್ಗಿಸುತ್ತಿದ್ದೆ. ಅವಳು ಎರಡೂ ಮಾಡದೆ, ಲ್ಯಾಬಿನಲ್ಲಿ ರೋಗಿಯ ರಿಪೋರ್ಟು ಓದುವಾಗಿನ ಮೆಲುದನಿಯಲ್ಲಿ ಹೇಳಿದಳು.

"ಏಳು ಸಂಬಂಧ ಮುರುದ್ವಪ್ಪ ನನಗ. ನಾನೂ ಕಡೀ ನಂಬರಿನಾಗ ಇದ್ದೆ. ನಿನ್ನ ಮನ್ಯಾಗ ಇದ್ದೆ."

ಮೂರು ವರ್ಷಗಳಿಂದ ಆ ಗೋಲು ಕಾಯುವವನಿಗೆ ನಾನು ಬೈದ ಬೈಗುಳವೆಲ್ಲ ಅಲ್ಲಿ, ಆ ಕಟ್ಟೆಯ ಮೇಲೆ, ತನ್ನ ಮನೆಗೆ ಮರಳಿ ಬಂತು. ಕಣ್ಣೆದುರಿಗೆ ಬರುವುದನ್ನು ಕಾಣಲಾರದವನು ಎಂದು ಅವನನ್ನು ಎಷ್ಟು ಬಾರಿ ಜರೆದಿದ್ದೆ! ಸೋತವರ ಮೇಲಿನ ಮಮತೆಯೆಂದು ನಾನು ಹೆಮ್ಮೆಪಟ್ಟುಕೊಂಡದ್ದು ದೂರದವರ ಮೇಲೆ ಸುಲಭವಾಗಿ ಹುಟ್ಟುವ ಮಮತೆ. ಅವರು ನಮ್ಮ ಹತ್ತಿರ ಬಂದು ಕೂರುವುದಿಲ್ಲ, ಏನನ್ನೂ ಕೇಳುವುದಿಲ್ಲ. ತಪ್ಪಾತವ್ವ ಎಂದೆ.

ಕ್ಷೌರಿಕ ಮೂವರ ಮುಖವನ್ನೂ ನೋಡಿ, ಹಿಂದಿನವರು ಕಾಯುತ್ತಿದ್ದಾರೆ ಎಂದ. ಸುಜಾತಳೇ ಮುಂದೆ ಬಂದು, ಕೆಳಗಿಟ್ಟಿದ್ದ ಕತ್ತಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ತೆಗೀರಿ ಅಣ್ಣಾ. ಸುಜಾತ ಅಂತ ಹೇಳ್ರಿ. ಆ ಟೀಮು ಗೆಲ್ಲಲಿಲ್ಲ, ಆದ್ರ ನಂದು ಕೆಲಸ ಆಗೇತಿ."

ಮದುವೆಯಾಯಿತು. ಫೋಟೋದಲ್ಲಿ ನನ್ನ ಹಣೆ ಕಪ್ಪಗೆ, ಬಿಸಿಲು ಕಾಣದಿದ್ದ ಗಲ್ಲ ಬೆಳ್ಳಗೆ, ಎರಡು ಮನುಷ್ಯರನ್ನು ಅಂಟಿಸಿದಂತೆ ಬಿದ್ದಿದೆ. ಬೀಗಿತ್ತಿಗೆ ಈ ಸಂಗತಿ ಇನ್ನೂ ತಿಳಿದಿಲ್ಲ. ಸುಜಾತ ಹೇಳಿಲ್ಲ, ಹೇಳುವುದೂ ಬಿಡುವುದೂ ಅವಳ ಹಕ್ಕು. ಈಗ ಹೊಸ ವರ್ಷದ ಪಂದ್ಯಗಳು ಶುರುವಾಗಿವೆ, ಹೊಸ ತರಬೇತುದಾರ ಬಂದಿದ್ದಾನೆ, ಕಟ್ಟುವ ಕೆಲಸ ನಡೆದಿದೆಯಂತೆ. ನಾನು ಈಗಲೂ ನೋಡುತ್ತೇನೆ, ಬಿಡಲಾಗಿಲ್ಲ. ಆದರೆ ಸುಜಾತ ಗೋನೆಗಂಡ್ಲದಿಂದ ಫೋನು ಮಾಡುವುದು ಬೆಳಿಗ್ಗೆಯೇ, ಸರಿಯಾಗಿ ಆಟದ ನಡುವೆ. ಬೇಕೆಂದೇ ಆ ಹೊತ್ತು ಆರಿಸಿಕೊಂಡಿದ್ದಾಳೆಂದು ನನ್ನ ಗುಮಾನಿ. ಇರುವುದು ಒಂದೇ ಫೋನು. ಅವಳ ಹೆಸರು ಮೂಡಿದ ಕೂಡಲೇ ಬರ್ಫು, ಬಿಲ್ಲೆ, ಆ ಪುಣ್ಯಾತ್ಮ, ಎಲ್ಲ ಮಾಯ.

ನಿನ್ನೆಯೂ ಮಾಡಿದ್ದಳು. ದನಿಯಲ್ಲಿ ಸ್ವಲ್ಪ ಕೊಂಕು, ಸ್ವಲ್ಪ ನಗು.

"ಏನಪ್ಪಾ, ಇವತ್ತೂ ಸೋತ್ರೇನು ನಿನ್ನೋರು?"

"ಗೊತ್ತಿಲ್ಲವ್ವ," ಎಂದೆ. "ನೀ ಹೇಳು."